ಮನೆಯಲ್ಲಿ ತುಂಬಿದ ತೋಟಾ

ಮಲೆನಾಡಿನ ನನ್ನ ಸೋದರಮಾವನ ಮನೆ ಪಾಲಾದಾಗ, ಯಾರಿಗೂ ಬೇಡವಾದ ಒಂದು ಹಳೆಯ ಮರದ ಪೆಟ್ಟಿಗೆ ನನ್ನ ಪಾಲಿಗೆ ಬಂದಿತು. ತೆರೆದು ನೋಡಿದರೆ ಒಳಗಿದ್ದದ್ದು ಇಪ್ಪತ್ತು ಬೋರಿನ ಖಾಲಿ ಹಿತ್ತಾಳೆ ತೋಟಾಗಳು, ಗಿಡ್ಡನೆಯ ಒಂದು ಒತ್ತುಗೋಲು, ಮದ್ದು ಅಳೆಯುವ ಹಿತ್ತಾಳೆಯ ಪುಟ್ಟ ಬಟ್ಟಲು, ಹುಳು ತಿಂದ ಕೆಲವು ಉಣ್ಣೆಯ ಬಿಲ್ಲೆಗಳು, ಬರಿದಾದ ಒಂದು ಕೇಪಿನ ಡಬ್ಬಿ. ಕೋವಿ ಇರಲಿಲ್ಲ. ಮಾವ ತೀರಿಕೊಂಡ ಮೇಲೆ ಅದು ಪೊಲೀಸ್ ಠಾಣೆಗೆ ಸೇರಿತ್ತು.

ನಾನು ಹುಡುಗನಾಗಿದ್ದಾಗ ಬತ್ತ ಹಾಲುಗಟ್ಟುವ ಹೊತ್ತಿಗೆ ಆ ಪೆಟ್ಟಿಗೆ ಜಗಲಿಗೆ ಇಳಿಯುತ್ತಿತ್ತು. ಗದ್ದೆಗೆ ಬೀಳುವ ಗಿಳಿಗಳ ಹಿಂಡನ್ನು ಎಬ್ಬಿಸಲು ಮಾವ ತೋಟಾ ತುಂಬುತ್ತಿದ್ದರು. ಮದ್ದಿನ ಹತ್ತಿರ ದೀಪ ತರಬಾರದೆಂದು ಈ ಕೆಲಸ ಹಗಲಿನಲ್ಲೇ ನಡೆಯಬೇಕು. ಬೀಡಿ ಸೇದುವವರು ಅಂಗಳ ದಾಟಿ ನಿಲ್ಲಬೇಕು. ಯಾರೂ ಮಾತನಾಡಿಸಕೂಡದು. ಊರಿನಲ್ಲೆಲ್ಲ ಮಾತಿನಮಲ್ಲರೆಂದು ಹೆಸರಾಗಿದ್ದ ಮಾವ ಆ ಒಂದು ಗಂಟೆ ಮಾತ್ರ ಮೂಗರಾಗಿಬಿಡುತ್ತಿದ್ದರು. ಅವರ ಎಡಗೈಯ ಹೆಬ್ಬೆರಳು ಅರ್ಧವೇ ಇತ್ತು. ಅದೇಕೆ ಹಾಗೆ ಎಂದು ನಾನು ಬಹಳ ದಿನ ಕೇಳಿರಲಿಲ್ಲ.

ಪೆಟ್ಟಿಗೆ ಮನೆಗೆ ಬಂದ ಮೇಲೆ ಈ ಸಾಮಾನುಗಳ ಪೂರ್ವೋತ್ತರವನ್ನು ತಿಳಿಯಬೇಕೆಂಬ ಹಂಬಲ ಹುಟ್ಟಿತು. ತಿಳಿಯುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ತೋಟಾ ಎಂಬ ಈ ಬೆರಳುದ್ದದ ವಸ್ತುವಿನ ಇತಿಹಾಸವೆಂದರೆ ಅದನ್ನು ತುಂಬಿದವರ ತಪ್ಪುಗಳ ಇತಿಹಾಸವೇ. ಅದರ ಒಂದೊಂದು ಅಂಗವೂ ಎಲ್ಲಿಯೋ ಒಮ್ಮೆ ಆದ ಒಂದು ಕೇಡಿಗೆ ಕಂಡುಕೊಂಡ ಪರಿಹಾರ. ಇನ್ನೊಂದು ಸಂಗತಿ ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಕೋವಿ ಚಿಕ್ಕದಾದಷ್ಟೂ ತಪ್ಪನ್ನು ಕ್ಷಮಿಸುವ ಗುಣ ಅದರಲ್ಲಿ ಕಡಿಮೆಯಾಗುತ್ತದೆ.

'ಚಿಕ್ಕದು' ಎಂಬುದರ ಲೆಕ್ಕವನ್ನು ಮೊದಲು ಹೇಳಿಬಿಡಬೇಕು. ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳಾಗಿ ಎರಕ ಹೊಯ್ದರೆ ಅದರಲ್ಲಿ ಒಂದು ಗುಂಡು ಸರಿಯಾಗಿ ಹಿಡಿಸುವ ನಳಿಗೆಯೇ ಹನ್ನೆರಡು ಬೋರು. ಅಗಲ ಸುಮಾರು ೧೮.೫ ಮಿಲಿಮೀಟರು. ಇಪ್ಪತ್ತು ಗುಂಡು ಮಾಡಿದರೆ ಇಪ್ಪತ್ತು ಬೋರು, ಸುಮಾರು ೧೫.೬ ಮಿಲಿಮೀಟರು. ಇಪ್ಪತ್ತೆಂಟು ಬೋರು ೧೪ ಮಿಲಿಮೀಟರು. ಇವೆಲ್ಲಕ್ಕಿಂತ ಕಿರಿದಾದ 'ನಾನೂರ ಹತ್ತು' ಮಾತ್ರ ಈ ಲೆಕ್ಕಕ್ಕೆ ಸೇರದು. ಅದು ಅಂಗುಲದ ಸಾವಿರ ಪಾಲಿನಲ್ಲಿ ನಾನೂರ ಹತ್ತು ಪಾಲು, ಅಂದರೆ ೧೦.೪ ಮಿಲಿಮೀಟರು. ಸೀಸದ ತೂಕದಿಂದ ಅಗಲವನ್ನು ಹೇಳುವ ಈ ಪುರಾತನ ಪದ್ಧತಿ ಫಿರಂಗಿಗಳ ಕಾಲದ್ದು. ಇಂಗ್ಲೆಂಡಿನ ೧೮೬೮ರ ನಳಿಗೆ ಪರೀಕ್ಷೆಯ ಕಾಯಿದೆ ಅದಕ್ಕೊಂದು ಖಚಿತವಾದ ಕೋಷ್ಟಕವನ್ನು ಕೊಟ್ಟಿತು.

ತೋಟಾಕ್ಕಿಂತ ಮುಂಚೆ ಇದ್ದದ್ದು ಬಾಯಿಂದ ತುಂಬುವ ಕೋವಿ. ನಮ್ಮ ಕಡೆಯ ಕೇಪಿನ ಕೋವಿ ಇದೇ. ನಳಿಗೆಯ ಬಾಯಿಗೆ ಮದ್ದು ಸುರಿಯುವುದು, ತೆಂಗಿನ ನಾರನ್ನೋ ಚಿಂದಿಯನ್ನೋ ತುರುಕಿ ಗಜದಿಂದ ಜಡಿಯುವುದು, ಮೇಲೆ ಚರೆ, ಅದರ ಮೇಲೆ ಮತ್ತೆ ನಾರು. ಹಿಂಬದಿಯ ಮೊಲೆಗೆ ಕೇಪು ಏರಿಸಿದರೆ ಈಡು ಸಿದ್ಧ. ಕೊಡಗಿನವರಿಗೆ ಈ ವಿಧಾನವನ್ನು ವಿವರಿಸಬೇಕಾಗಿಲ್ಲ. ೧೮೬೧ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿರಾಯುಧೀಕರಣದ ಕಾಯಿದೆಯಿಂದ ಹೊರಗಿಟ್ಟ. ಆ ವಿನಾಯಿತಿ ಹಲವು ರೂಪಾಂತರಗಳನ್ನು ಹೊಂದಿ ಇಂದಿಗೂ ಉಳಿದುಬಂದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಹೂವೇರುತ್ತದೆ. ಕೇಪಿನ ಕೋವಿಯಲ್ಲಿ ಒಂದು ಅನುಕೂಲವಿತ್ತು. ಗಜ ಎಷ್ಟು ಒಳಗಿಳಿಯಿತು, ಎಷ್ಟು ಹೊರಗುಳಿಯಿತು ಎಂಬುದರಿಂದಲೇ ಒಳಗೆ ಎಷ್ಟು ಈಡಿದೆಯೆಂದು ತಿಳಿಯುತ್ತಿತ್ತು. ತುಂಬುವವನೂ ಹೊಡೆಯುವವನೂ ಒಬ್ಬನೇ, ಅದೂ ಅದೇ ಗಳಿಗೆಯಲ್ಲಿ. ತಪ್ಪಾದರೆ ಅದು ಯಾರದೆಂದು ಹುಡುಕಬೇಕಾಗಿರಲಿಲ್ಲ.

ಈ ಸರಳತೆಯನ್ನು ಮುರಿದದ್ದು ಪ್ಯಾರಿಸ್. ಅಲ್ಲಿನ ಕೋವಿಗಾರ ಕಾಸಿಮಿರ್ ಲೆಫೋಷೆ ೧೮೩೦ರ ದಶಕದಲ್ಲಿ ನಡು ಮುರಿದು ಹಿಂದಿನಿಂದ ತುಂಬುವ ಕೋವಿಯನ್ನೂ ಅದಕ್ಕೆ ತಕ್ಕ ಕಾಗದದ ತೋಟಾವನ್ನೂ ರೂಪಿಸಿದ. ತೋಟಾದ ಪಕ್ಕದಿಂದ ಒಂದು ಮೊಳೆ ಚಾಚಿಕೊಂಡಿರುತ್ತಿತ್ತು. ಕೋವಿಯ ಸುತ್ತಿಗೆ ಆ ಮೊಳೆಗೆ ಬಡಿದರೆ ಒಳಗಿನ ಕೇಪು ಸಿಡಿಯುತ್ತಿತ್ತು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಈ ಕೋವಿಯನ್ನು ಕಂಡು ಆಂಗ್ಲ ಕೋವಿಗಾರರು ಮೊದಲು ನಕ್ಕವರು, ಆಮೇಲೆ ನಕಲು ಮಾಡಿದವರು. ಆದರೆ ಚಾಚಿದ ಮೊಳೆಯ ತೋಟಾ ಜೇಬಿನಲ್ಲಿದ್ದರೆ ಎಡವಿ ಬಿದ್ದವನ ಗತಿಯೇನು? ಈ ಭಯದಿಂದ ಕೇಪು ತೋಟಾದ ತಳದ ನಡುವಿಗೆ ಬಂದಿತು. ಫ್ರಾನ್ಸಿನ ಪೊತೆ ೧೮೫೦ರ ದಶಕದಲ್ಲಿ ರೂಪಿಸಿದ್ದ ಈ ಮಾದರಿಯನ್ನು ಲಂಡನ್ನಿನಲ್ಲಿ ಜಾರ್ಜ್ ಡಾ ೧೮೬೧ರಲ್ಲಿ ಮಾರಾಟಕ್ಕೆ ತಂದ. ಕೊಡಗಿಗೆ ಕಬ್ಬನ್ನನ ಆಜ್ಞೆ ಹೊರಟ ವರ್ಷವೇ ಇದು ಎಂಬುದು ಕೇವಲ ಕಾಕತಾಳೀಯ. ಇಂದಿನ ತೋಟಾ ಆ ಮಾದರಿಯದೇ ವಂಶ.

ಕೇಪಿನೊಳಗಿನ ಸಿಡಿಮದ್ದನ್ನು ಕುರಿತು ಒಂದು ಮಾತು ಹೇಳಲೇಬೇಕು. ಅಂದು ಅದು ಪಾದರಸದಿಂದ ಮಾಡಿದ ಫಲ್ಮಿನೇಟ್. ಲಂಡನ್ನಿನಲ್ಲಿ ತೋಟಾ ಮತ್ತು ಕೇಪುಗಳ ಉದ್ಯಮವನ್ನು ಕಟ್ಟಿದ ವಿಲಿಯಂ ಈಲಿ ೧೮೪೧ರಲ್ಲಿ ತನ್ನ ಕಾರ್ಖಾನೆಯಲ್ಲೇ ಈ ಪದಾರ್ಥ ಸಿಡಿದು ಸತ್ತ. ಅವನ ಹೆಸರು ಹೊತ್ತ ಡಬ್ಬಿಗಳು ಆಮೇಲೆ ಭೂಮಂಡಲವನ್ನೆಲ್ಲ ಸುತ್ತಿದವು.

ಕಾರ್ಖಾನೆಯಲ್ಲೇ ತುಂಬಿದ ತೋಟಾ ಆ ಕಾಲಕ್ಕೆ ದುಬಾರಿ. ಖಾಲಿ ತೋಟಾ, ಕೇಪು, ಬಿಲ್ಲೆ, ಚರೆಗಳನ್ನು ಬೇರೆಬೇರೆಯಾಗಿ ಕೊಂಡು ಮನೆಯಲ್ಲೇ ತುಂಬಿಕೊಳ್ಳುವುದು ರೂಢಿಯಾಯಿತು. ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ ಇದಕ್ಕೆಂದೇ ಆಳುಗಳಿದ್ದರು. ಅಮೆರಿಕದ ರೈತ ಅಡಿಗೆಮನೆಯ ಮೇಜಿನ ಮೇಲೆ ಇದೇ ಕೆಲಸ ಮಾಡುತ್ತಿದ್ದ. ಕಾಗದದ ತೋಟಾದ ಬಾಯಿಯನ್ನು ಒಳಕ್ಕೆ ಸುರುಳಿ ಮಾಡಲು ಮೇಜಿಗೆ ಬಿಗಿಯುವ ಕೈತಿರುಗಣೆಯೊಂದಿತ್ತು. ಬರ್ಮಿಂಗ್‌ಹ್ಯಾಮಿನ ಗ್ರೀನರ್ ೧೮೮೧ರಲ್ಲಿ ಪ್ರಕಟಿಸಿದ ಕೋವಿಯ ಚರಿತ್ರೆಯ ಹೆಬ್ಬೊತ್ತಗೆ ತುಂಬುವ ಕಲೆಯನ್ನೂ ಬಿಡದೆ ಹೇಳುತ್ತದೆ. ಕೆಲಸ ಮನೆಮನೆಗೂ ಬಂದಂತೆ ಕೇಡುಗಳೂ ಮನೆಮನೆಗೆ ಬಂದವು.

ಮೊದಲ ಕೇಡು ತೇವದ್ದು. ಕಾಗದದ ತೋಟಾ ಮಳೆಗಾಲದಲ್ಲಿ ಉಬ್ಬುತ್ತದೆ. ಉಬ್ಬಿದ್ದು ಕೋವಿಯೊಳಗೆ ಕೂರದು. ಬಲವಂತವಾಗಿ ಕೂರಿಸಿದರೆ ಹೊರಗೆ ಬಾರದು. ಆದ್ದರಿಂದಲೇ ಭಾರತದಂಥ ದೇಶಗಳಲ್ಲಿ ಹಿತ್ತಾಳೆಯ ತೋಟಾ ಬೇಕಾಯಿತು. ಅದು ಉಬ್ಬದು, ಹತ್ತಾರು ಸಲ ತುಂಬಬಹುದು, ನೆಂಟರಿಂದ ನೆಂಟರಿಗೆ ದಾಟಬಹುದು. ಮಾವನ ಪೆಟ್ಟಿಗೆಯಲ್ಲಿದ್ದವು ಇಂಥವೇ. ಆದರೆ ಹಿತ್ತಾಳೆಗೂ ಒಬ್ಬ ಶತ್ರುವಿದ್ದ. ಹಳೆಯ ಕೇಪು ಸಿಡಿದಾಗ ಬಿಡುಗಡೆಯಾಗುವ ಪಾದರಸ ಹಿತ್ತಾಳೆಯೊಡನೆ ಬೆರೆತು ಅದನ್ನು ಹಪ್ಪಳದಂತೆ ಪೆಡಸಾಗಿಸುತ್ತಿತ್ತು. ಕರಿಮದ್ದಿನ ದಟ್ಟವಾದ ಮಸಿ ಈ ಪಾದರಸದ ಬಹುಪಾಲನ್ನು ತನ್ನೊಡನೆ ಹೊತ್ತೊಯ್ಯುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದು ಮಸಿ ಕಡಿಮೆಯಾದಾಗ, ನಾಲ್ಕು ಸಲ ತುಂಬಿದ ತೋಟಾಗಳು ಸೀಳತೊಡಗಿದವು. ಪಾದರಸವನ್ನು ಬಿಟ್ಟು ಕ್ಲೋರೇಟಿನ ಕೇಪು ಮಾಡಿದರು. ಅದು ನಳಿಗೆಯಲ್ಲಿ ಉಪ್ಪನ್ನು ಉಳಿಸಿತು. ಉಪ್ಪು ನೀರನ್ನೆಳೆದು ನಳಿಗೆ ತುಕ್ಕು ಹಿಡಿಯಿತು. ೧೯೨೦ರ ದಶಕದ ಕೊನೆಯಲ್ಲಿ ತುಕ್ಕು ಹಿಡಿಸದ ಕೇಪುಗಳು ಪೇಟೆಗೆ ಬರುವವರೆಗೆ, ಸಂಜೆ ಕೋವಿಯನ್ನು ತೊಳೆಯದೆ ಮಲಗಿದವನು ಬೆಳಗ್ಗೆ ಪಶ್ಚಾತ್ತಾಪ ಪಡಬೇಕಾಗಿತ್ತು.

ಎರಡನೆಯ ಕೇಡು ಅಳತೆಯದು. ಇದು ನಿಜವಾಗಿ ಪ್ರಾಣ ತೆಗೆಯುವಂಥದು. ಕರಿಮದ್ದನ್ನು ತೂಗುತ್ತಿರಲಿಲ್ಲ, ಬಟ್ಟಲಿನಿಂದ ಅಳೆಯುತ್ತಿದ್ದರು. ಬಟ್ಟಲಿನ ಮೇಲೆ 'ಡ್ರಾಮ್' ಎಂಬ ಗೆರೆಗಳಿರುತ್ತಿದ್ದವು. ಒಂದು ಔನ್ಸಿಗೆ ಹದಿನಾರು ಡ್ರಾಮ್. ೧೮೬೦ರ ದಶಕದಲ್ಲಿ ಪ್ರಷ್ಯದ ಸೇನಾಧಿಕಾರಿ ಶುಲ್ಟ್ಸೆ ಮರದಿಂದ ಹೊಸದೊಂದು ಮದ್ದನ್ನು ಮಾಡಿದ. ಆಮೇಲೆ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಾಡಿನಲ್ಲಿ ಅದರ ಕಾರ್ಖಾನೆಯೇ ಎದ್ದಿತು. ಜನರ ಕೈಯಲ್ಲಿದ್ದದ್ದು ಹಳೆಯ ಬಟ್ಟಲು. ಹೊಸ ಮದ್ದನ್ನೂ ಅದೇ ಬಟ್ಟಲಿಗೆ ಸರಿಹೋಗುವಂತೆ ಹಗುರಾಗಿ ಉಬ್ಬಿಸಿ ಕೊಟ್ಟರು. ಬಟ್ಟಲು ತುಂಬಿದರೆ ಬಲ ಕರಿಮದ್ದಿನಷ್ಟೇ. ಇದು ಜಾಣತನ. ಆದರೆ ೧೮೮೭ರಲ್ಲಿ ನೊಬೆಲ್ ಬ್ಯಾಲಿಸ್ಟೈಟ್ ಎಂಬ ಸಾಂದ್ರವಾದ ಮದ್ದನ್ನು ಕಂಡುಹಿಡಿದ. ಅಂಥ ಮದ್ದುಗಳಲ್ಲಿ ಚಿಟಿಕೆಗೇ ಬಟ್ಟಲಿನ ಬಲ. ತಿಳಿಯದೆ ಅದನ್ನೂ ಹಳೆಯ ಬಟ್ಟಲಿನಿಂದ ಅಳೆದು ಸುರಿದವನ ಕೋವಿ ಉಳಿಯುವಂತಿರಲಿಲ್ಲ. ಸಾಂಬಾರಿಗೆ ಬೇಳೆ ಹಾಕುವ ಸೌಟಿನಲ್ಲೇ ಉಪ್ಪನ್ನೂ ಹಾಕಿದಂತೆ ಎಂದು ನಮ್ಮ ಮನೆಯ ಹೆಂಗಸರಿಗೆ ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ. ವಸ್ತು ಬದಲಾದರೂ ಅಳತೆಯ ಹೆಸರು ಬದಲಾಗದಿದ್ದರೆ ಆಗುವ ಅನಾಹುತ ಇದು. ಸೋಜಿಗವೆಂದರೆ ಅಮೆರಿಕದ ತೋಟಾ ಪೆಟ್ಟಿಗೆಗಳ ಮೇಲೆ ಇಷ್ಟು 'ಡ್ರಾಮ್‌ಗೆ ಸಮಾನ' ಎಂಬ ಮಾತು ಇಂದಿಗೂ ಅಚ್ಚಾಗುತ್ತದೆ. ಅದು ಒಳಗಿರುವ ಮದ್ದಿನ ತೂಕವಲ್ಲ. ಎಂದೋ ಬಿಟ್ಟುಹೋದ ಕರಿಮದ್ದಿನ ನೆನಪು, ಅಷ್ಟೆ.

ಇನ್ನು ಚಿಕ್ಕ ಬೋರುಗಳ ಕಥೆ. ಅಮೆರಿಕದ ಮ್ಯಾಸಚೂಸೆಟ್ಸಿನ ಆಂಡೋವರ್ ಎಂಬಲ್ಲಿ ೧೯೨೦ರ ಸುಮಾರಿಗೆ ಚಾರ್ಲ್ಸ್ ಡೇವಿಸ್ ಮತ್ತು ಅವನ ಗೆಳೆಯರು ಗಾಳಿಗೆ ಚಿಮ್ಮಿಸಿದ ಮಣ್ಣಿನ ಬಿಲ್ಲೆಗಳನ್ನು ಗಡಿಯಾರದ ಮುಳ್ಳಿನಂತೆ ಸುತ್ತಲೂ ನಿಂತು ಹೊಡೆಯುವ ಆಟವೊಂದನ್ನು ಕಟ್ಟಿದರು. ಪಕ್ಕದಲ್ಲಿ ಕೋಳಿ ಸಾಕಣೆ ಶುರುವಾದ್ದರಿಂದ ಚರೆ ಆ ಕಡೆ ಬೀಳದಂತೆ ಪೂರ್ಣ ವೃತ್ತವನ್ನು ಅರ್ಧಕ್ಕಿಳಿಸಿದರು. ೧೯೨೬ರಲ್ಲಿ ಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಲ್ಲಿ ಗರ್ಟ್ರೂಡ್ ಹರ್ಲ್‌ಬಟ್ ಎಂಬ ಮಹಿಳೆ ಇದಕ್ಕೆ 'ಸ್ಕೀಟ್' ಎಂಬ ಹೆಸರನ್ನು ಕೊಟ್ಟು ನೂರು ಡಾಲರು ಬಹುಮಾನ ಗೆದ್ದಳು. ಹನ್ನೆರಡು, ಇಪ್ಪತ್ತು, ಇಪ್ಪತ್ತೆಂಟು, ನಾನೂರ ಹತ್ತು ಎಂದು ಅಲ್ಲಿನ ಸ್ಕೀಟಿನಲ್ಲಿ ನಾಲ್ಕು ತರಗತಿಗಳು ಏರ್ಪಟ್ಟವು. ಹನ್ನೆರಡು ಬೋರಿನ ತೋಟಾ ಎಲ್ಲೆಲ್ಲೂ ಅಗ್ಗ. ಇಪ್ಪತ್ತೆಂಟು, ನಾನೂರ ಹತ್ತರದು ದುಬಾರಿ. ಹೀಗಾಗಿ ಮನೆಯಲ್ಲಿ ತುಂಬುವ ಹಳೆಯ ವಿದ್ಯೆಗೆ ಹೊಸ ಜೀವ ಬಂದಿತು. ೧೯೫೦ರ ದಶಕದಲ್ಲಿ ವಿಸ್ಕಾನ್ಸಿನ್ನಿನ ಮೇವಿಲ್ ಎಂಬ ಊರಿನ ಕಂಪನಿಯೊಂದು ಸನ್ನೆಕೋಲಿನಿಂದ ನಡೆಯುವ ಯಂತ್ರಗಳನ್ನು ಮನೆಮನೆಗೆ ಮಾರತೊಡಗಿತು. ೧೯೬೦ರಲ್ಲಿ ರೆಮಿಂಗ್ಟನ್ ಪ್ಲಾಸ್ಟಿಕ್ಕಿನ ತೋಟಾವನ್ನು ತಂದ ಮೇಲೆ ತೇವದ ಕಾಟವೂ ತಪ್ಪಿತು.

ತಪ್ಪಿತೆಂದುಕೊಂಡವರು ಮೋಸಹೋದರು. ಪ್ಲಾಸ್ಟಿಕ್ ಉಬ್ಬುವುದಿಲ್ಲ, ನಿಜ. ಆದರೆ ಒಣಹವೆಯಲ್ಲಿ ಬಾಚಣಿಗೆ ಕೂದಲನ್ನೆಳೆಯುವಂತೆ ಪ್ಲಾಸ್ಟಿಕ್ಕಿನ ಭಾಗಗಳು ಮದ್ದಿನ ಕಣಗಳನ್ನು ತಮಗೆ ಅಂಟಿಸಿಕೊಳ್ಳುತ್ತವೆ. ಹನ್ನೆರಡು ಬೋರಿನಲ್ಲಿ ಅಷ್ಟೇನೂ ತೊಂದರೆಯಿಲ್ಲ. ಇಪ್ಪತ್ತೆಂಟರಲ್ಲಿ ಮದ್ದು ಇಳಿಯುವ ಕೊಳವೆ ಸಣ್ಣದು. ನಾನೂರ ಹತ್ತರಲ್ಲಿ ಇನ್ನೂ ಸಣ್ಣದು. ರಾಗಿ ಹಿಟ್ಟು ಆಲಿಕೆಯ ಕತ್ತಿನಲ್ಲಿ ಕಟ್ಟಿಕೊಳ್ಳುವುದಿಲ್ಲವೇ, ಹಾಗೆ ಮದ್ದು ನಡುದಾರಿಯಲ್ಲಿ ಸೇತುವೆ ಕಟ್ಟಿ ನಿಲ್ಲುತ್ತದೆ. ಒಂದು ತೋಟಾಕ್ಕೆ ಅರ್ಧ ಮದ್ದು ಬಿದ್ದರೆ, ಉಳಿದರ್ಧ ಮುಂದಿನದಕ್ಕೆ ಬೀಳುತ್ತದೆ. ಮೊದಲನೆಯದು ಕೆಮ್ಮುತ್ತದೆ, ಎರಡನೆಯದು ಒದೆಯುತ್ತದೆ. ಚರೆಯೂ ಇದೇ ಆಟ ಆಡುತ್ತದೆ. ಸ್ಕೀಟಿನ ನಾನೂರ ಹತ್ತರಲ್ಲಿ ಚರೆಯ ತೂಕ ಅರ್ಧ ಔನ್ಸು, ಅಂದರೆ ಸಣ್ಣ ಚರೆ ಸುಮಾರು ಇನ್ನೂರ ತೊಂಬತ್ತು. ಇಷ್ಟೂ ಕಡ್ಡಿಯಷ್ಟು ಕಿರಿದಾದ ಕೊಳವೆಯೊಳಗೆ ಒಂದರ ಮೇಲೊಂದು ಸಾಲುಗಟ್ಟಬೇಕು.

ಬಾಯಿಮಡಿಕೆಯದು ಇನ್ನೊಂದು ಪಾಡು. ಹಿಂದೆ ಚರೆಯ ಮೇಲೆ ರಟ್ಟಿನ ಬಿಲ್ಲೆಯಿಟ್ಟು ಅಂಚನ್ನು ಸುರುಳಿ ಮಾಡುತ್ತಿದ್ದರು. ಆ ಬಿಲ್ಲೆ ಚರೆಯ ದಾರಿಗೆ ಅಡ್ಡಬಂದು ಚದುರಿಸುತ್ತದೆಂದು, ಬಾಯಿಯನ್ನೇ ನಕ್ಷತ್ರದಂತೆ ಆರು ಇಲ್ಲವೆ ಎಂಟು ಮಡಿಕೆಯಾಗಿ ಮಡಿಸುವ ಪದ್ಧತಿ ಬಂದಿತು. ಆರು ಮಡಿಕೆಯ ಗುರುತಿರುವ ಖಾಲಿ ತೋಟಾವನ್ನು ಎಂಟು ಮಡಿಕೆಯ ಅಚ್ಚಿಗೆ ಕೊಟ್ಟರೆ ಅದು ಹಟಮಾರಿ ಮಗುವಿನಂತೆ ಬಾಯಿ ಮುಚ್ಚದು. ಒಳಗಿನ ಸರಕು ಒಂದು ಕೂದಲೆಳೆ ಹೆಚ್ಚಾದರೆ ಮಡಿಕೆ ಉಬ್ಬುತ್ತದೆ, ಕಡಿಮೆಯಾದರೆ ಕುಸಿಯುತ್ತದೆ. ಕಿರಿದಾದ ತೋಟಾದ ಗೋಡೆ ಒತ್ತಡಕ್ಕೆ ನಡುವೆಯೇ ಮಡಚಿಕೊಳ್ಳುವುದೂ ಉಂಟು. ಇಂಥ ಪ್ರತಿ ದೋಷಕ್ಕೂ ಕಾರಣವನ್ನು ಹಿಂದಿನ ಹೆಜ್ಜೆಯಲ್ಲಿ ಹುಡುಕಬೇಕೆಂಬುದು ಬಲ್ಲವರ ಅನುಭವ. ಬಾಯಿ ಮುಚ್ಚದಿದ್ದರೆ ತಪ್ಪು ಬಾಯಿಯದಲ್ಲ. ಕೆಳಗಿನ ಬಿಲ್ಲೆ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೆ ಮದ್ದು ಹೆಚ್ಚುಕಡಿಮೆಯಾಗಿರುತ್ತದೆ. ಹೊರಗೆ ಕಂಡ ಸುಕ್ಕು ಒಳಗಿನ ಅಪಾಯದ ಸುದ್ದಿ. ಅದನ್ನು ಒತ್ತಿ ಸರಿಮಾಡುವವನು ಸುದ್ದಿಯನ್ನು ಅಳಿಸಿದವನೇ ಹೊರತು ದೋಷವನ್ನು ತಿದ್ದಿದವನಲ್ಲ.

ಚಿಕ್ಕ ಕೋವಿ ಹುಡುಗರಿಗೆ, ಸೌಮ್ಯವಾದದ್ದು ಎಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಇದೆ. ಅಮೆರಿಕದ ಉದ್ಯಮ ಒಪ್ಪಿಕೊಂಡಿರುವ ಒತ್ತಡದ ಮಿತಿಗಳು ಬೇರೆಯೇ ಹೇಳುತ್ತವೆ. ಸಾಮಾನ್ಯ ಹನ್ನೆರಡು ಬೋರಿಗೆ ಚದರ ಅಂಗುಲಕ್ಕೆ ೧೧,೫೦೦ ಪೌಂಡು. ಇಪ್ಪತ್ತಕ್ಕೆ ೧೨,೦೦೦. ಇಪ್ಪತ್ತೆಂಟಕ್ಕೂ ಎರಡೂವರೆ ಅಂಗುಲದ ನಾನೂರ ಹತ್ತಕ್ಕೂ ೧೨,೫೦೦. ಭುಜಕ್ಕೆ ತಾಗುವ ಒದೆತ ಕಡಿಮೆ, ನಳಿಗೆಯೊಳಗಿನ ಒತ್ತಡ ಹೆಚ್ಚು. ಮೇಲೆ ಮೃದುವಾಗಿ ಕಾಣುವುದು ಒಳಗೆ ಬಿಗಿಯಾಗಿರುತ್ತದೆ.

ನಾನೂರ ಹತ್ತರ ಹೆಸರು ನಮ್ಮ ದೇಶಕ್ಕೆ ಇನ್ನೊಂದು ದಾರಿಯಿಂದ ಪರಿಚಿತ. ಬಂಗಾಳದ ಇಚ್ಛಾಪುರದ ಕಾರ್ಖಾನೆಯಲ್ಲಿ ಸೇನೆಯ ೩೦೩ ಬಂದೂಕುಗಳ ನಳಿಗೆಯ ಸುರುಳಿಗೆರೆಗಳನ್ನು ತೆಗೆದು, ಒಂದೊಂದೇ ಈಡು ಹಾರಿಸುವ ನಾನೂರ ಹತ್ತರ ಮಸ್ಕೆಟ್ಟುಗಳನ್ನಾಗಿ ಮಾಡಿ ಪೊಲೀಸರಿಗೂ ಕಾವಲುಗಾರರಿಗೂ ಕೊಡಲಾಯಿತು. ಅವುಗಳ ತೋಟಾ ೩೦೩ರ ಹಿತ್ತಾಳೆಯಿಂದಲೇ ಆದದ್ದು. ಅಂಗಡಿಯಲ್ಲಿ ಸಿಗುವ ನಾನೂರ ಹತ್ತರ ತೋಟಾಕ್ಕೂ ಅದಕ್ಕೂ ಹೊಂದಿಕೆಯಿಲ್ಲ. ಒಂದೇ ಹೆಸರು, ಎರಡು ವಸ್ತು. ಡ್ರಾಮಿನ ಕಥೆಯೇ ಮತ್ತೊಮ್ಮೆ.

ಎಲ್ಲ ಕೇಡುಗಳಿಗಿಂತ ದೊಡ್ಡದು ಠುಸ್ಸೆಂದ ಈಡು. ಢಂ ಎನ್ನಬೇಕಾದಲ್ಲಿ ಮಂಕಾದ ಸದ್ದು, ಒದೆತವಿಲ್ಲ. ಮದ್ದು ಕಡಿಮೆಯಾಗಿಯೋ ತೇವವಾಗಿಯೋ ಈಡಿಗೆ ಬಲ ಸಾಲದೆ, ಬಿಲ್ಲೆ ನಳಿಗೆಯ ನಡುವೆ ಸಿಕ್ಕಿಕೊಂಡಿರುತ್ತದೆ. ಆ ಗಳಿಗೆಯಲ್ಲಿ ಮನುಷ್ಯನಿಗೆ ಆಗುವುದು ಭಯವಲ್ಲ, ಬೇಸರ. ಬೇಸರದಲ್ಲಿ ಮುಂದಿನ ತೋಟಾ ಹಾಕುತ್ತಾನೆ. ಅದು ಸಿಡಿದಾಗ ಮುಂದೆ ದಾರಿಯಿಲ್ಲದೆ ನಳಿಗೆ ಒಡೆಯುತ್ತದೆ, ಅದೂ ಎಡಗೈ ಹಿಡಿದಿರುವ ಜಾಗದಲ್ಲೇ. ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನ ಕೋವಿಗೆ ತಪ್ಪಿ ಬಿದ್ದರೂ ಇದೇ ಗತಿ. ಅದು ಜಾರಿ ನಳಿಗೆಯ ಕತ್ತಿನಲ್ಲಿ ಕಣ್ಣಿಗೆ ಕಾಣದಂತೆ ನಿಲ್ಲುತ್ತದೆ. ಹಿಂದೆ ಹನ್ನೆರಡರ ತೋಟಾ ನಿರಾಯಾಸವಾಗಿ ಕೂರುತ್ತದೆ. ಅಮೆರಿಕದಲ್ಲಿ ಇಪ್ಪತ್ತು ಬೋರಿನ ತೋಟಾಗಳಿಗೆಲ್ಲ ಹಳದಿ ಬಣ್ಣವನ್ನು ಗೊತ್ತುಮಾಡಿದ್ದು ಈ ಕಾರಣಕ್ಕೆ. ಅಂದಕ್ಕಾಗಿ ಬಳಿದ ಬಣ್ಣ ಅದಲ್ಲ. ಯಾರದೋ ಬೆರಳುಗಳ ಬೆಲೆ ತೆತ್ತು ಕೊಂಡದ್ದು.

ನನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಗದ್ದೆಯ ಅಂಚಿನ ಅಟ್ಟಣೆಯ ಮೇಲೆ ಮಾವನ ಜೊತೆ ಕೂತಿದ್ದೆ. ಗಿಳಿಗಳು ಬಂದವು. ಮಾವ ಆಕಾಶಕ್ಕೆ ಹಿಡಿದು ಕುದುರೆ ಎಳೆದರು. ಠುಸ್ಸೆಂದಿತು. ಗಿಳಿಗಳು ತಲೆಯೆತ್ತಿ ನೋಡಿ ಮತ್ತೆ ತೆನೆಗೆ ಬಿದ್ದವು. ನಾನು ನಕ್ಕು, ಇನ್ನೊಂದು ತೋಟಾ ಚಾಚಿ, "ಬೇಗ ಮಾವ, ಬೇಗ" ಎಂದೆ. ಮಾವ ಅದನ್ನು ಮುಟ್ಟಲಿಲ್ಲ. ಬಾಯಿಯನ್ನು ಗದ್ದೆಯ ಕಡೆಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾದರು. ಆಮೇಲೆ ಕೋವಿಯ ನಡು ಮುರಿದು ತೋಟಾ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದರು. ನನಗೂ ತೋರಿಸಿದರು. ಬೆಳಕು ಕಾಣಲಿಲ್ಲ. ಉಣ್ಣೆಯ ಬಿಲ್ಲೆ ಅಡ್ಡ ನಿಂತಿತ್ತು.

ಮನೆಗೆ ನಡೆದು ಬರುವಾಗ ಮಾವ ಎಡಗೈಯನ್ನು ಚಾಚಿ, "ಇದು ಹೋದದ್ದು ಆ ಎರಡನೆಯ ಈಡಿಗೇ ಕಣೋ" ಎಂದರು. "ಅವತ್ತು ಪಕ್ಕದಲ್ಲಿ ನಿನ್ನ ಹಾಗೆಯೇ ಒಬ್ಬ ಬೇಗ ಬೇಗ ಅಂದಿದ್ದ. ಅವನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ತೋಟಾ ತುಂಬಿದವನು ನಾನು."

ಅಂದು ಗಿಳಿಗಳು ಎರಡು ಮುಡಿ ಬತ್ತವನ್ನಾದರೂ ತಿಂದಿರಬೇಕು. ಮಾವ ಅದನ್ನು ನಷ್ಟದ ಲೆಕ್ಕಕ್ಕೆ ಬರೆಯಲಿಲ್ಲ.

ಈಗ ಆ ಕಾಲವಿಲ್ಲ. ೧೯೫೯ರ ಆಯುಧ ಕಾಯಿದೆಯ ಮೇರೆಗೆ ಮದ್ದುಗುಂಡಿನ ತಯಾರಿಕೆಗೆ ಪರವಾನಗಿ ಬೇಕು. ೧೯೭೨ರ ವನ್ಯಜೀವಿ ಕಾಯಿದೆ ಬೇಟೆಯ ಮಾತನ್ನೇ ಮುಗಿಸಿತು. ಎರಡೂ ಆಗಬೇಕಾದದ್ದೇ. ಆ ಒತ್ತುಗೋಲನ್ನೂ ಬಟ್ಟಲನ್ನೂ ನಾನು ಯಾವ ಕೆಲಸಕ್ಕೂ ಬಳಸುವವನಲ್ಲ. ಆದರೂ ಪೆಟ್ಟಿಗೆಯನ್ನು ಹಿತ್ತಾಳೆ ಕೊಳ್ಳುವವನಿಗೆ ಕೊಡಲು ಮನಸ್ಸು ಬರಲಿಲ್ಲ. ಮೊನ್ನೆ ಮೊಮ್ಮಗ ಬಟ್ಟಲನ್ನು ಎತ್ತಿಕೊಂಡು ಇದರಲ್ಲಿ ಏನನ್ನು ಅಳೆಯುತ್ತಿದ್ದರು ಎಂದು ಕೇಳಿದ. ಮದ್ದನ್ನು ಎಂದೆ. ಅವನು ಔಷಧಿಯೆಂದು ತಿಳಿದುಕೊಂಡು, "ಹೆಚ್ಚಾದರೆ ಏನಾಗುತ್ತಿತ್ತು ತಾತ?" ಎಂದ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾವನ ಹೆಬ್ಬೆರಳಿನ ಕಥೆಯಿಂದ ಆರಂಭಿಸಿದೆ.